ಚಾದ ರೊಕ್ಕ

ನನ್ನ ಗಂಡ ಟಿಪ್ಸ್ ಎನ್ನುವ ಮಾತನ್ನು ಯಾವತ್ತೂ ಆಡಿದವರಲ್ಲ. ಅವರ ಬಾಯಲ್ಲಿ ಅದು ಚಾದ ರೊಕ್ಕ. ಖಾನಾವಳಿಯಲ್ಲಿ ಬಡಿಸಿದವರಿಗೆ, ಲಾಡ್ಜಿನಲ್ಲಿ ಚೀಲ ಎತ್ತಿಟ್ಟವರಿಗೆ, ಹುಬ್ಬಳ್ಳಿಯ ದುರ್ಗದಬೈಲಿನ ನಮ್ಮ ಬಟ್ಟೆ ಅಂಗಡಿಗೆ ಸೀರೆಯ ಗಂಟು ಹೊತ್ತು ತಂದ ಹಮಾಲರಿಗೆ, ಎಲ್ಲರಿಗೂ ಅವರು ಕೊಡುತ್ತಿದ್ದದ್ದು ಚಾದ ರೊಕ್ಕವೇ. ನೋಟನ್ನು ಸಣ್ಣಗೆ ಮಡಚಿ, ಎದುರಿನವರ ಅಂಗೈಯಲ್ಲಿಟ್ಟು, "ಚಾ ಕುಡೀರಿ" ಎಂದು ಮೆಲ್ಲಗೆ ಹೇಳಿ ಮುಖ ಆ ಕಡೆ ತಿರುಗಿಸಿಬಿಡುತ್ತಿದ್ದರು. ತಗೊಂಡವರು ಕೈ ಮುಗಿಯುವುದನ್ನು ನೋಡಲು ಅವರಿಗೆ ಸಂಕೋಚ.

ಬಿಲ್ಲಿನ ತಟ್ಟೆಯಲ್ಲಿ ಚಿಲ್ಲರೆ ಬಿಟ್ಟು ಎದ್ದುಹೋಗುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ತಾಟಿನ್ಯಾಗ ಬಿಟ್ಟು ಹೋದ್ರ ಅದು ಎಂಜಲಾ ಬಿಟ್ಟಂಗ. ಮನಷ್ಯಾಗ ಕೊಡೂದು ಮನಷ್ಯಾನ ಕೈಯಾಗ ಕೊಡಬೇಕು" ಎನ್ನುತ್ತಿದ್ದರು. ನಾವು ಹೋಗುತ್ತಿದ್ದ ಖಾನಾವಳಿಯಲ್ಲಿ ಬಡಿಸುವವನಿಗೆ ಕೊಟ್ಟ ಮೇಲೆ ಹಿಂದಿನ ಬಾಗಿಲಿನ ತನಕ ಹೋಗಿ, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಹೆಂಗಸಿಗೂ ಕೊಟ್ಟೇ ಬರುತ್ತಿದ್ದರು. ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಕಾಯುತ್ತ ನಿಂತಿರುತ್ತಿದ್ದೆ. "ಲಗೂ ಬರ್ರಿ, ಧಾರವಾಡ ಬಸ್ ಹೋಗ್ತೈತಿ" ಎಂದು ಕೂಗಿದರೆ, "ಇನ್ನೊಂದು ಬರ್ತೈತಿ ತಗೋ" ಎಂದು ಒಳಗಿನಿಂದಲೇ ಉತ್ತರ ಬರುತ್ತಿತ್ತು.

ಮರೆವಿನ ಕಾಯಿಲೆ ಮೊದಲು ಕಾಣಿಸಿದ್ದು ಅಂಗಡಿಯಲ್ಲಿ. ಅಂಗಡಿಗೆ ಬಂದ ಹೆಂಗಸರನ್ನೆಲ್ಲ ಅವರು "ಬರ್ರಿ ಬಾಯಾರ, ಕುಂದರ್ರಿ" ಎಂದು ಕರೆದು ಕೂರಿಸುವುದು ರೂಢಿ. ಒಂದು ದಿನ ಒಬ್ಬರನ್ನು ಹಾಗೆ ಕರೆದು ಕೂರಿಸಿ, ಸೀರೆ ಬಿಚ್ಚಿ ತೋರಿಸಿ, ಆಕೆ ಆರಿಸುವಷ್ಟರಲ್ಲಿ ಮತ್ತೆ "ಬರ್ರಿ ಬಾಯಾರ, ಯಾವಾಗ ಬಂದ್ರಿ?" ಎಂದು ಕೇಳಿದರಂತೆ. ಆ ಹೆಂಗಸು ಚೇಷ್ಟೆ ಎಂದುಕೊಂಡು ನಕ್ಕಿದ್ದಾಳೆ. ಜೊತೆಗಿದ್ದ ನನ್ನ ಮೈದುನನ ಮಗ ನಗಲಿಲ್ಲ. ಸಂಜೆ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ನನಗೊಬ್ಬಳಿಗೇ ಹೇಳಿದ. ನಾನು ಆಗ ಅಂಗಡಿಯ ಸೀರೆಗಳಿಗೆ ಫಾಲ್ ಹಚ್ಚುತ್ತ ಕೂತಿದ್ದೆ. ಸೂಜಿ ಅಲ್ಲೇ ನಿಂತಿತು. ಏಕೆಂದರೆ ಮನೆಯಲ್ಲಿ ನಾನೂ ಕೆಲವನ್ನು ನೋಡಿದ್ದೆ, ಯಾರಿಗೂ ಹೇಳಿರಲಿಲ್ಲ.

ಡಾಕ್ಟರರು ಕಾಯಿಲೆಯ ಹೆಸರು ಹೇಳಿದರು. ಇದು ಹಿಂದಕ್ಕೆ ಬರುವಂಥದ್ದಲ್ಲ, ಮುಂದಕ್ಕೇ ಹೋಗುವಂಥದ್ದು ಎಂದೂ ಹೇಳಿದರು. ಅಂಗಡಿ ಮೈದುನನ ಮಗನ ಕೈಗೆ ಹೋಯಿತು. ನನ್ನ ಗಂಡ ಧಾರವಾಡದಲ್ಲಿ, ಮಾಳಮಡ್ಡಿಯ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಬಿಳಿ ಅಂಗಿ ಹಾಕಿಕೊಂಡು ಕೂರತೊಡಗಿದರು. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿ ಅಂಗಡಿಗೆ ಹೊರಟವರಂತೆಯೇ ತಯಾರಾಗುತ್ತಿದ್ದರು. ಹೊರಗೆ ಬಂದ ಮೇಲೆ ಎಲ್ಲಿಗೆ ಎಂಬುದು ಮರೆಯುತ್ತಿತ್ತು.

ರೆಸಾರ್ಟಿಗೆ ಹೋಗುವ ಮಾತು ತೆಗೆದವಳು ಮಗಳು. ಅವಳು ಹುಬ್ಬಳ್ಳಿಯಲ್ಲೇ ಇದ್ದಾಳೆ, ವಾರಕ್ಕೊಮ್ಮೆ ಬಂದುಹೋಗುತ್ತಾಳೆ. ಕಲಘಟಗಿ ಕಡೆ, ಕೆರೆಯ ದಂಡೆಗೆ ಒಂದು ರೆಸಾರ್ಟ್ ಇದೆ, ನೀವಿಬ್ಬರೂ ಹೋಗಿ ಎರಡು ರಾತ್ರಿ ಇದ್ದು ಬರ್ರಿ ಎಂದಳು.

"ಎಲ್ಲಾ ಒಮ್ಮೆಲೆ ಕಟ್ಟಿಬಿಡೂದವ್ವಾ. ಊಟ, ನಾಷ್ಟಾ, ಚಾ, ದೋಣಿ, ಎಲ್ಲಾ ಅದರಾಗ ಬಂತು. ಅಪ್ಪಾ ಕಿಸೇಕ ಕೈ ಹಾಕೂ ಪ್ರಸಂಗನ ಬರಂಗಿಲ್ಲ" ಎಂದಳು.

ಅವಳು ಹಾಗೆ ಹೇಳಲು ಕಾರಣವಿತ್ತು. ಆಗೀಗ ಇವರು ಓಣಿಯ ಅಂಗಡಿಗಳಲ್ಲಿ ಒಂದೇ ಸಾಮಾನಿಗೆ ಎರಡು ಮೂರು ಸಲ ರೊಕ್ಕ ಕೊಟ್ಟು ಬರುತ್ತಿದ್ದರು. ಅಂಗಡಿಯವರು ತಿರುಗಿ ತಂದುಕೊಟ್ಟರೆ ಇವರಿಗೆ ಅವಮಾನ. ಅಲ್ಲಿ ಆ ಕಾಟ ಇರುವುದಿಲ್ಲ ಎಂದು ಮಗಳ ಲೆಕ್ಕ. ನಾನೂ ಹೂಂ ಎಂದೆ. ನಾವು ಗಂಡ ಹೆಂಡತಿ ಹೀಗೆ ಎಲ್ಲಿಗಾದರೂ ಹೋಗುವುದು ಇದೇ ಕೊನೆಯದು ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅಳಿಯ ಕಾರಿನಲ್ಲಿ ತಂದು ಬಿಟ್ಟು ಹೋದರು. ಕೌಂಟರಿನಲ್ಲಿ ನಮ್ಮಿಬ್ಬರ ಮಣಿಕಟ್ಟಿಗೂ ಒಂದೊಂದು ನೀಲಿ ಪಟ್ಟಿ ಕಟ್ಟಿದರು. ಅದನ್ನು ತೋರಿಸಿದರೆ ಎಲ್ಲಿ ಬೇಕಾದರೂ ಉಣ್ಣಬಹುದು, ಕುಡಿಯಬಹುದು. ಇವರು ಪಟ್ಟಿಯನ್ನೇ ನೋಡುತ್ತ ನಿಂತರು.

"ಇದ್ಯಾವ ದವಾಖಾನಿ? ನನಗೇನಾಗೇತಿ?"

"ದವಾಖಾನಿ ಅಲ್ರಿ. ತಿರಗಾಡಾಕ ಬಂದೇವಿ."

"ಮತ್ತ ಇದನ್ಯಾಕ ಕಟ್ಯಾರ?"

"ಇಲ್ಲಿ ಬಂದವರಿಗೆಲ್ಲಾ ಕಟ್ತಾರ್ರಿ. ನೋಡ್ರಿ, ನನಗೂ ಕಟ್ಯಾರ."

ನನ್ನ ಕೈ ಹಿಡಿದು ನೋಡಿದರು. ಇಬ್ಬರಿಗೂ ಒಂದೇ ಬಣ್ಣದ್ದು ಎಂದು ಖಾತ್ರಿಯಾದ ಮೇಲೆ ಸುಮ್ಮನಾದರು.

ಸಂಜೆ ಊಟದ ಮನೆಗೆ ಹೋದೆವು. ಉದ್ದಕ್ಕೂ ಮೇಜುಗಳ ಮೇಲೆ ತರತರದ ಅಡುಗೆ ಇಟ್ಟಿದ್ದರು. ಜನ ತಟ್ಟೆ ಹಿಡಿದು ಸಾಲಾಗಿ ಹೋಗುತ್ತಿದ್ದರು. ಇವರಿಗೆ ನಿಂತು ಬಡಿಸಿಕೊಳ್ಳಲು ಬರಲಿಲ್ಲ. ಅದನ್ನು ನೋಡಿ ಒಬ್ಬ ವೇಟರ್ ನಮ್ಮನ್ನು ಮೂಲೆಯ ಮೇಜಿಗೆ ಕೂರಿಸಿ ತಾನೇ ತಂದು ಬಡಿಸಿದ. ವಯಸ್ಸು ಐವತ್ತರ ಹತ್ತಿರ ಇರಬೇಕು, ಗಡ್ಡ ಅರ್ಧ ಬೆಳ್ಳಗಾಗಿತ್ತು. ಹಳೇ ಹುಬ್ಬಳ್ಳಿಯವನು ಎಂದು ಮಾತಿನ ಮೇಲೆ ತಿಳಿಯಿತು.

ಉಂಡಾದ ಮೇಲೆ ಇವರು ಕೇಳಿದರು, "ಬಿಲ್ ತರ್ರಿ."

"ಬಿಲ್ ಇಲ್ರಿ ಕಾಕಾರ. ಎಲ್ಲಾ ಅದರಾಗ ಸೇರೇತ್ರಿ."

"ಬಿಲ್ ಇಲ್ಲಂದ್ರ? ಯಾರದರ ಲಗ್ನ ಐತೇನು?" ನನ್ನ ಕಡೆ ತಿರುಗಿ ಗಾಬರಿಯಿಂದ ಹೇಳಿದರು, "ಏ, ಆಯೇರಿ ಏನ್ ತಂದಿ? ಬರಿಗೈಲೆ ಬಂದು ಉಂಡೇವೇನು?"

ಲಗ್ನ ಅಲ್ಲ ಎಂದು ನಾನು ತಿಳಿಸಿ ಹೇಳುವಷ್ಟರಲ್ಲಿ ಕಿಸೆಯಿಂದ ನೋಟು ತೆಗೆದು ಮಡಚಿ ಆಗಿತ್ತು. ವೇಟರ್ ಎರಡು ಹೆಜ್ಜೆ ಹಿಂದೆ ಸರಿದ. "ಇಲ್ಲಿ ಹಂಗ ತಗೋಳೂದಿಲ್ರಿ ಕಾಕಾರ. ಕೌಂಟರಿನ್ಯಾಗ ಡಬ್ಬಿ ಇಟ್ಟಾರ, ಕೊಡಬೇಕಂದ್ರ ಅದರಾಗ ಹಾಕ್ರಿ. ಆಮ್ಯಾಲ ಎಲ್ಲಾರಿಗೂ ಹಂಚತಾರ."

"ಡಬ್ಬಿ ಬಡಿಸಿತೇನ್ರಿ ನನಗ? ಬಡಿಸಿದವರು ನೀವು."

ಚಾಚಿದ ಕೈ ಚಾಚಿದಂತೆಯೇ ಇತ್ತು. ವೇಟರ್ ನನ್ನ ಮುಖ ನೋಡಿದ. ತಗೋರಿ ಎಂದು ನಾನು ಕಣ್ಣಲ್ಲೇ ಹೇಳಿದೆ. ಅವನು ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತಗೊಂಡ. ಇವರು "ಚಾ ಕುಡೀರಿ" ಎಂದು ಮುಖ ತಿರುಗಿಸಿದರು. ತಿಂಗಳುಗಳಿಂದ ನಾನು ಕಾಣದಿದ್ದ ಒಂದು ಸಮಾಧಾನ ಆ ಮುಖದಲ್ಲಿತ್ತು.

ಆದರೆ ಅವನು ನೀರು ತರಲು ಹೋಗಿ ಬರುವಷ್ಟರಲ್ಲಿ ಕೊಟ್ಟದ್ದು ಮರೆತಿತ್ತು. ಮತ್ತೆ ಕೊಟ್ಟರು. ಕೈ ತೊಳೆದು ಬಂದು ಮತ್ತೆ. ಬಾಗಿಲ ತನಕ ಬಂದವನಿಗೆ ಮತ್ತೆ.

ಮರುದಿನ ಬೆಳಿಗ್ಗೆ ಇವರು ಕೆರೆಯ ಬಾತುಗಳನ್ನು ನೋಡುತ್ತ ಕೂತಿದ್ದಾಗ ಆ ವೇಟರ್ ನನ್ನ ಹತ್ತಿರ ಬಂದ. ಅಂಗೈ ತೆರೆದು ಮಡಚಿದ ನೋಟುಗಳನ್ನು ತೋರಿಸಿದ.

"ಸಿಟ್ಟಾಗಬ್ಯಾಡ್ರಿ ಅಮ್ಮಾರ. ಒಂದು ನಾ ಇಟ್ಕೊಂಡೇನ್ರಿ, ಅದು ಅವರು ಕೊಟ್ಟದ್ದು. ಇವು ಮರತು ಕೊಟ್ಟದ್ದು. ನನ್ನವಲ್ರಿ."

"ಅವರಿಗೆ ಎಲ್ಲಾನೂ ಮೊದಲನೇದರಿ" ಎಂದೆ ನಾನು.

"ಖರೇ ಐತ್ರಿ. ಅದಕ್ಕ ನಾ ಬ್ಯಾಡ ಅನ್ನಂಗಿಲ್ಲ. ಎಷ್ಟ ಸಲಾ ಕೊಟ್ರೂ ತಗೋತೇನಿ. ಆಮ್ಯಾಲ ನಿಮಗ ತಂದು ಕೊಡ್ತೇನಿ."

ಓಣಿಯ ಅಂಗಡಿಯವರು ಇವರ ಎದುರಿಗೇ ರೊಕ್ಕ ತಿರುಗಿ ಕೊಡುತ್ತಿದ್ದರು. ಹೀಗೂ ಒಂದು ದಾರಿ ಇದೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಕೋಣೆ ಸ್ವಚ್ಛ ಮಾಡಲು ಬರುವ ಹೆಂಗಸು ನನ್ನ ಮಗಳ ವಯಸ್ಸಿನವಳು, ಅಲ್ಲೇ ಹತ್ತಿರದ ಹಳ್ಳಿಯವಳು. ಅವಳು ಹಾಸಿಗೆ ಹಾಸುತ್ತಿದ್ದಾಗ ಇವರು ಅವಳ ಕೈಯಲ್ಲೂ ನೋಟು ಇಟ್ಟರು. ಅವಳು ಹೆದರಿದಳು. ನನ್ನನ್ನು ಪಡಸಾಲೆಗೆ ಕರೆದು, "ಇದನ್ನ ನೀವ ಇಟ್ಕೋರಿ ಅಮ್ಮಾರ. ಮನಿಗೆ ಹೋಗೂಮುಂದ ಗೇಟಿನ್ಯಾಗ ನಮ್ಮ ಚೀಲಾ ನೋಡ್ತಾರ. ಅಜ್ಜಾರು ಕೊಟ್ರು ಅಂತ ನಾ ಅಂದು, ಅಜ್ಜಾರು ನಾ ಕೊಟ್ಟೇ ಇಲ್ಲ ಅಂದ್ರ, ನನ್ನ ಗತಿ ಏನ್ರಿ?" ಎಂದಳು.

ಅವಳ ಮಾತು ಸರಿಯಾಗಿತ್ತು. ನಾನು ಕೌಂಟರಿಗೆ ಹೋಗಿ ಅಲ್ಲಿದ್ದ ಎಳೆ ವಯಸ್ಸಿನ ಮ್ಯಾನೇಜರಿಗೆ ಎಲ್ಲ ಹೇಳಿದೆ. ಹೊರಗಿನವರಿಗೆ ಗಂಡನ ಕಾಯಿಲೆಯನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಮ್ಮವರು ಯಾರಿಗೆ ಏನು ಕೊಟ್ಟರೂ ಅದಕ್ಕೆ ನಾನು ಹೊಣೆ, ಇಲ್ಲಿನವರ ಮೇಲೆ ಮಾತು ಬರಬಾರದು ಎಂದೆ. ಆ ಹುಡುಗ ಎದ್ದು ನಿಂತು, "ನೀವು ಚಿಂತೆ ಮಾಡಬೇಡಿ ಮೇಡಂ, ಎಲ್ಲರಿಗೂ ಹೇಳಿಡುತ್ತೇನೆ" ಎಂದ.

ಅಲ್ಲಿಂದ ಮುಂದೆ ಅವೇ ನೋಟುಗಳು ತಿರುಗತೊಡಗಿದವು. ಇವರು ಕೊಡುತ್ತಿದ್ದರು, ಅವರು ತಗೊಳ್ಳುತ್ತಿದ್ದರು. ನಾನು ಗಿಡದ ಮರೆಗೋ ಬಾಗಿಲ ಹಿಂದೋ ನಿಂತು ತಿರುಗಿ ಪಡೆಯುತ್ತಿದ್ದೆ. ಇವರು ಸ್ನಾನಕ್ಕೆ ಹೋದಾಗ ಅಂಗಿಯ ಕಿಸೆಗೆ ಹಾಕಿಡುತ್ತಿದ್ದೆ. ಮಡಿಕೆ ಬಿಚ್ಚಿ, ಅಂಗೈಯಿಂದ ತೀಡಿ ಹಾಕುತ್ತಿದ್ದೆ. ಇಲ್ಲದಿದ್ದರೆ ಯಾರೋ ಮಡಚಿದ ನೋಟು ಎಂದು ಅವರಿಗೆ ಸಂಶಯ ಬಂದೀತು. ದೋಣಿ ನಡೆಸುವವನು, ಗಿಡಕ್ಕೆ ನೀರು ಹಾಕುವವನು, ಎಲ್ಲರೂ ಈ ಆಟದಲ್ಲಿ ಸೇರಿದರು. ಯಾರೂ ನಗಲಿಲ್ಲ. ನನ್ನ ಗಂಡ ಆ ಒಂದು ದಿನ ಮತ್ತೆ ದುರ್ಗದಬೈಲಿನ ಸಾಹುಕಾರರಾಗಿದ್ದರು. ನಡಿಗೆಯೇ ಬೇರೆಯಾಗಿತ್ತು.

ಅವತ್ತು ಮಧ್ಯಾಹ್ನ ಕೆರೆಯ ದಂಡೆಯ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಗಾಳಿ ಬೀಸುತ್ತಿತ್ತು. ಇವರು ಇದ್ದಕ್ಕಿದ್ದಂತೆ ಹೇಳಿದರು, "ಏ, ಇಲ್ಲಿ ಬಾ. ಕೈ ತಾ."

ನನ್ನ ಕೈಯಲ್ಲಿ ನೋಟು ಕೊಟ್ಟು ಮಡಚುವುದನ್ನು ತೋರಿಸಿದರು. "ಹಿಂಗ. ಎಷ್ಟಂತ ಮಂದಿಗೆ ಕಾಣಬಾರದು. ಕೊಟ್ಟ ಮ್ಯಾಲ ಅಲ್ಲೆ ನಿಂದರಬಾರದು. ನಿಂತ್ರ ಅವರು ಕೈ ಮುಗೀಬೇಕಾಕ್ಕೈತಿ, ಪಾಪ."

"ನನಗ್ಯಾಕ ಕಲಸ್ತೀರಿ? ಕೊಡಾಕ ನೀವದೀರಲ್ರಿ."

"ನನಗ ಮರೀತೈತಲ್ಲ" ಎಂದರು.

ಅದುವರೆಗೆ ಅವರು ತಮ್ಮ ಬಾಯಿಂದ ಆ ಮಾತು ಆಡಿರಲಿಲ್ಲ. ಡಾಕ್ಟರರ ಮುಂದೆ ಕೂಡ "ನನಗೇನಾಗಿಲ್ಲ, ಇವರಿಗೆಲ್ಲಾ ಸುಮ್ಮನ ಹೆದರಿಕಿ" ಎಂದೇ ಹೇಳುತ್ತಿದ್ದರು. ನಾನು ನೀರಿನ ಕಡೆ ನೋಡುತ್ತ, "ವಯಸ್ಸಾತಲ್ರಿ. ನನಗೂ ಮರೀತೈತಿ" ಎಂದೆ.

"ನಿನಗೆಲ್ಲಿ ಮರೀತೈತಿ? ನಮ್ಮ ಲಗ್ನದಾಗ ನಮ್ಮ ಕಾಕಾ ಜಿಲೇಬಿ ಸಲುವಾಗಿ ಅಂದ ಮಾತ ಇನ್ನೂ ಎತ್ತಿ ಆಡ್ತಿ" ಎಂದು ನಕ್ಕರು. ನಾನೂ ನಕ್ಕೆ. ಅವರ ಭುಜಕ್ಕೆ ಭುಜ ತಾಗಿಸಿ ಬಹಳ ಹೊತ್ತು ಕೂತಿದ್ದೆ. ಎಲ್ಲರೂ ಹೇಳುವಷ್ಟು ಕೆಟ್ಟಿಲ್ಲ, ಇವರು ಇನ್ನೂ ನನ್ನ ಹತ್ತಿರವೇ ಇದ್ದಾರೆ ಎಂದು ಅವತ್ತು ನನಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಹೊರಡಬೇಕಿತ್ತು. ಅಳಿಯ ಬರುವುದರೊಳಗೆ ನಾನು ಚೀಲ ತುಂಬಿ, ಇವರಿಗೆ ಅಂಗಿ ತೊಡಿಸಿ, ಗುಂಡಿ ಹಾಕಿ, ತಲೆ ಬಾಚಿದೆ. ಕೆಳಗೆ ಕೂತು ಚಪ್ಪಲಿಯ ಪಟ್ಟಿ ಬಿಗಿ ಮಾಡಿದೆ. ಎದ್ದು ನಿಂತಾಗ ಅವರು ಕಿಸೆಗೆ ಕೈ ಹಾಕಿದ್ದು ಕಂಡಿತು. ನೋಟು ಮಡಚಿದರು. ನನ್ನ ಬಲಗೈ ಹಿಡಿದು ಅಂಗೈಯಲ್ಲಿಟ್ಟರು.

"ಭಾಳ ಛಲೋ ನೋಡ್ಕೊಂಡ್ರಿ ಬಾಯಾರ. ಚಾ ಕುಡೀರಿ."

ಕೋಣೆಯ ಹೆಂಗಸು ಬಂದಿರಬೇಕು, ನನ್ನ ಕೈಯಲ್ಲಿ ಅವಳಿಗೆ ಕೊಡಿಸುತ್ತಿದ್ದಾರೆ ಎಂದುಕೊಂಡು ಹಿಂದೆ ತಿರುಗಿ ನೋಡಿದೆ. ಬಾಗಿಲು ಮುಚ್ಚಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ಅವರು ಆಗಲೇ ಮುಖ ಕಿಟಕಿಯ ಕಡೆ ತಿರುಗಿಸಿದ್ದರು.

"ರೀ" ಎಂದೆ. "ಇಲ್ಲಿ ನೋಡ್ರಿ. ನಾ ಯಾರು ಗೊತ್ತಾಗ್ಲಿಲ್ಲೇನ್ರಿ?"

ತಿರುಗಿ ನೋಡಿದರು. ಆ ನೋಟ ಒರಟಾಗಿರಲಿಲ್ಲ. ಬಹಳ ಮರ್ಯಾದೆಯ ನೋಟ. ಅಂಗಡಿಯಲ್ಲಿ ಗುರುತಿಲ್ಲದ ಹೆಂಗಸರನ್ನು ಅವರು ನೋಡುತ್ತಿದ್ದದ್ದೇ ಹಾಗೆ. ನನ್ನ ಮುಖದಲ್ಲಿ ಏನು ಕಂಡರೋ, ಅವರ ಮುಖ ಸಣ್ಣದಾಯಿತು. ಗಡಿಬಿಡಿಯಿಂದ ಮತ್ತೆ ಕಿಸೆಗೆ ಕೈ ಹಾಕಿದರು.

"ಕಡಿಮಿ ಆತೇನ್ರಿ? ತಪ್ಪ ತಿಳ್ಕೋಬ್ಯಾಡ್ರಿ. ಇನ್ನೊಂದು ಕೊಡ್ತೇನಿ."

"ಇಲ್ರಿ" ಎಂದೆ. "ಸಾಕ್ರಿ. ಭಾಳಾತು."

ನಮ್ಮ ಕಡೆ ಗಂಡ ಹೆಂಡತಿಗೆ ನೀ ಎನ್ನುತ್ತಾನೆ, ಹೆಂಡತಿ ಗಂಡನಿಗೆ ರೀ ಎನ್ನುತ್ತಾಳೆ. ಮದುವೆಯಾದ ದಿನದಿಂದ ನನ್ನ ಗಂಡ ನನ್ನನ್ನು ಏ ಎಂದು, ನೀ ಎಂದು, ಬಾ ಹೋಗು ಎಂದು ಕರೆದವರು. ಒಂದು ಕಾಲದಲ್ಲಿ ನನಗೆ ಅದರ ಮೇಲೆ ಸಿಟ್ಟೂ ಇತ್ತು. ಹಮಾಲರಿಗೂ ರೀ ಅನ್ನುತ್ತೀರಿ, ನನಗೊಬ್ಬಳಿಗೇ ಯಾಕಿಲ್ಲ ಎಂದು ಜಗಳ ತೆಗೆದಿದ್ದೆ. "ನೀ ಬ್ಯಾರೆ ಏನು?" ಎಂದು ಕೇಳಿ ಬಾಯಿ ಮುಚ್ಚಿಸಿದ್ದರು. ಈಗ ಅವರು ನನಗೆ ರೀ ಎಂದಿದ್ದರು. ನಾನು ಬೇರೆಯವಳಾಗಿದ್ದೆ.

ಬಚ್ಚಲಿಗೆ ಹೋಗಿ ನಳ ಬಿಟ್ಟು ಅತ್ತೆ. ನೋಟು ಕೈಯಲ್ಲೇ ಇತ್ತು. ಇಷ್ಟು ಹೊತ್ತು ಅವರು ಕೊಟ್ಟದ್ದನ್ನೆಲ್ಲ ಜನ ನನಗೆ ತಂದುಕೊಟ್ಟಿದ್ದರು. ಇದನ್ನು ನಾನು ಯಾರಿಗೆ ಒಯ್ದು ಕೊಡಲಿ?

ಕೋಣೆಯ ಹೆಂಗಸು ಬಂದಾಗ ನನ್ನ ಕಣ್ಣು ಕೆಂಪಾಗಿದ್ದವು. ಅವಳು ಇವರನ್ನು ನೋಡಿದಳು, ನನ್ನನ್ನು ನೋಡಿದಳು. ಚೀಲ ಎತ್ತಿಕೊಂಡಳು. ಬಾಗಿಲ ಹೊರಗೆ ಬಂದ ಮೇಲೆ ಒಂದು ಕೈಯಿಂದ ನನ್ನ ಬೆನ್ನು ಸವರಿದಳು. ಕಾರಿನ ಹತ್ತಿರ ವೇಟರ್ ನಿಂತಿದ್ದ. ಇವರು ಅವನಿಗೂ ಕೊಟ್ಟರು. ಕಾರು ಹೊರಡುವಾಗ ಅವನು ನನ್ನ ಕಡೆಯ ಕಿಟಕಿಗೆ ಬಂದ. ನಾನು ಬೇಡ ಎಂದು ತಲೆಯಾಡಿಸಿದೆ. "ಇಟ್ಕೋರಿ. ಇವತ್ತಿಂದು ಎಲ್ಲಾ ನಿಮ್ದರಿ" ಎಂದೆ. ಅವನು ಒಪ್ಪಿಕೊಂಡು ಹಿಂದೆ ಸರಿದ.

ಸಂಜೆ ಮಗಳು ಫೋನ್ ಮಾಡಿ, "ಅಪ್ಪಾ ಹೆಂಗಿದ್ರವ್ವಾ? ಖುಷಿ ಆದ್ರ?" ಎಂದು ಕೇಳಿದಳು. "ಭಾಳ ಖುಷಿ ಆದ್ರು" ಎಂದೆ. ಅದು ಸುಳ್ಳಲ್ಲ. ಉಳಿದದ್ದನ್ನು ಹೇಳಲು ನನಗೆ ಬಹಳ ದಿನ ಬೇಕಾಯಿತು.

ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ಕೆಲವು ದಿನ ನೀ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಬೆಳಿಗ್ಗೆ ಚಹಾ ಒಯ್ದು ಕೊಟ್ಟಾಗ ಅವರು ಬಾಯಿ ತೆರೆಯುವ ತನಕ ನಾನು ಅಲ್ಲೇ ಕಾಯುತ್ತ ನಿಂತಿರುತ್ತಿದ್ದೆ. "ತಂದಿ?" ಎಂದರೆ ಆ ದಿನ ಹಗುರಾಗುತ್ತಿತ್ತು. "ತಂದ್ರಿ ಬಾಯಾರ?" ಎಂದರೆ ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಮೊದಮೊದಲು ತಿದ್ದುತ್ತಿದ್ದೆ, ನಮ್ಮ ಲಗ್ನದ ಫೋಟೋ ತೋರಿಸುತ್ತಿದ್ದೆ. ಅವರು ಫೋಟೋದಲ್ಲಿದ್ದ ಹುಡುಗಿಯನ್ನು ಗುರುತು ಹಿಡಿಯುತ್ತಿದ್ದರು. ನನ್ನನ್ನು ಹಿಡಿಯುತ್ತಿರಲಿಲ್ಲ. ತಿದ್ದಿದಾಗಲೆಲ್ಲ ಅವರಿಗೆ ಸಂಕಟವಾಗುತ್ತಿತ್ತು, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕೂರುತ್ತಿದ್ದರು. ಆಮೇಲೆ ತಿದ್ದುವುದನ್ನು ಬಿಟ್ಟೆ. ಮನೆಯಲ್ಲಿ ನೋಡಿಕೊಳ್ಳಲು ಇಟ್ಟ ಹೆಂಗಸು ಎಂದು ಅವರು ತಿಳಿದಿದ್ದರು. ನಾನು ಆ ಹೆಂಗಸಾದೆ.

ಅವರು ತೀರಿಕೊಂಡು ಈಗ ವರ್ಷವಾಗುತ್ತ ಬಂತು. ನಿದ್ದೆಯಲ್ಲೇ ಹೋದರು, ನರಳಲಿಲ್ಲ. ಕೊನೆಯ ತಿಂಗಳುಗಳಲ್ಲಿ ಮಾತು ಬಹಳ ಕಡಿಮೆಯಾಗಿತ್ತು. ಅದಕ್ಕೂ ಮುಂಚಿನ ಒಂದು ಮಧ್ಯಾಹ್ನ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ನಾನು ಊಟದ ತಟ್ಟೆ ತಂದು ಅವರ ಮುಂದಿಟ್ಟಿದ್ದೆ. ಅವರು ಉಣ್ಣದೆ ನನ್ನನ್ನೇ ನೋಡುತ್ತ ಕೇಳಿದರು.

"ನಿಮ್ಮ ಮನಿ ಎಲ್ಲಿ ಬರ್ತೈತ್ರಿ ಬಾಯಾರ?"

"ಇಲ್ಲೇರಿ. ಮಾಳಮಡ್ಡಿ."

"ಹೌದ? ನಮ್ದೂ ಮಾಳಮಡ್ಡಿನರಿ." ಅವರಿಗೆ ಖುಷಿಯಾಯಿತು. "ಹಂಗಾದ್ರ ನಮ್ಮ ಮನ್ಯಾಗಿನಾಕಿನ್ನ ನೀವು ನೋಡಿರಬೇಕಲ್ರಿ" ಎಂದರು.

"ನೋಡೇನ್ರಿ."

"ಹೆಂಗದಾಳ್ರಿ ಆಕಿ?"

"ಆರಾಮ ಅದಾಳ್ರಿ."

"ಹೊತ್ತಿಗೆ ಸರಿ ಉಣ್ಣಂಗಿಲ್ರಿ ಆಕಿ. ನಾ ಅಂಗಡ್ಯಾಗಿಂದ ಬರೂತನಕ ಕಾಯ್ಕೋತ ಕುಂದರ್ತಾಳ. ಇವತ್ತ ಉಂಡಾಳೇನ್ರಿ?"

ಗಂಟೆ ಎರಡು ದಾಟಿತ್ತು. ನಾನು ಇನ್ನೂ ಉಂಡಿರಲಿಲ್ಲ.

"ಹೂನ್ರಿ, ಉಂಡಾಳ" ಎಂದೆ.

ಅವರು ತಲೆಯಾಡಿಸಿ ತಟ್ಟೆಯನ್ನು ಹತ್ತಿರ ಎಳೆದುಕೊಂಡರು.